ತಾಮ್ರದ ಕೊಡದಲ್ಲಿ ಸಮುದ್ರ

"ಮೇಡಮ್ಮಾರೇ, ನಿಮ್ ಸಮುದ್ರ ಬಂತು, ಇಳಿಸ್ಕಳಿ!"

ಹೊನ್ನಾವರದ ಬಸ್ಸಿನ ಕಂಡಕ್ಟರು ಶನಿವಾರ ಮಧ್ಯಾಹ್ನ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಕೂಗಿದರೆ ಸುತ್ತಲಿನವರೆಲ್ಲ ತಿರುಗಿ ನೋಡಿ ನಗುತ್ತಿದ್ದರು. ಮೊದಲೆರಡು ವಾರ ನನಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ಅಭ್ಯಾಸವಾಯಿತು. ಅವನು ಹೇಳುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ. ಬಸ್ಸಿನ ಟಾಪಿನಿಂದ ಇಳಿಯುತ್ತಿದ್ದುದು ಸಮುದ್ರದ ನೀರೇ. ನನ್ನ ಅಣ್ಣ ಹೊನ್ನಾವರದ ಬಂದರಿನಲ್ಲಿ ದೋಣಿ ಇಟ್ಟುಕೊಂಡಿದ್ದ. ಅಳಿವೆಯಿಂದ ಸಾಕಷ್ಟು ಆಚೆ ಹೋಗಿ, ಹೊಳೆಯ ಸಿಹಿನೀರು ಬೆರೆಯದ ಕಡೆ ತುಂಬಿ, ಗೇರುಸೊಪ್ಪೆ ಘಟ್ಟ ಹತ್ತಿಸಿ ಕಳಿಸುತ್ತಿದ್ದ.

ಅದು ಅರವತ್ತರ ದಶಕದ ನಡುಭಾಗ. ನಾನು ಊರಿನ ಹೊಸ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಕಪ್ಪೆ ಕೊಯ್ದು ತೋರಿಸುವುದು, ಜಿರಳೆಯ ಬಾಯಿಯ ಭಾಗಗಳನ್ನು ಬಿಡಿಸಿ ಕಾಗದಕ್ಕೆ ಅಂಟಿಸುವುದು, ಜಾಡಿಗಳಿಗೆ ಫಾರ್ಮಲಿನ್ ತುಂಬುವುದು ನನ್ನ ಕೆಲಸ. ಊರಿನ ಹೆಸರು ಸಾಗರ, ಇದ್ದದ್ದು ಒಂದು ಕೆರೆ. ನಾನು ಬಂದರಿನ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಗಾಳಿಯಲ್ಲಿ ಉಪ್ಪಿಲ್ಲದ ಊರಿನಲ್ಲಿ ಉಸಿರಾಡಿದರೂ ಉಸಿರಾಡಿದಂತೆ ಆಗುತ್ತಿರಲಿಲ್ಲ. ಜಾಡಿಯಲ್ಲಿ ಬೆಳ್ಳಗೆ ಬಿಳಿಚಿಕೊಂಡು ಕುಳಿತ ನಕ್ಷತ್ರಮೀನಿನ ಗಾಜನ್ನು ಒರೆಸುವಾಗ, ಯಾರೂ ಇಲ್ಲದ ಹೊತ್ತು ನೋಡಿ, ಅತ್ತದ್ದೂ ಉಂಟು. ಹೇಳಿಕೊಂಡರೆ ನಗುತ್ತಾರೆಂದು ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರಿಗೆ ಮಾತ್ರ ಅದು ಹೇಗೋ ತಿಳಿದಿತ್ತು. ಮೈಸೂರು ಕಡೆಯವರು, ಮಿತಭಾಷಿ. ಒಂದು ದಿನ ಕರೆದು ಹೇಳಿದರು.

"ನೋಡಮ್ಮ, ಕರಾವಳಿಯ ಸಂಶೋಧನಾ ಕೇಂದ್ರದಲ್ಲಿ ನನ್ನ ಹಳೇ ಸ್ನೇಹಿತ ಇದಾನೆ. ತೊಟ್ಟಿಗಳನ್ನ ನೋಡ್ಕೊಳ್ಳೋಕೆ ಒಬ್ರು ಸಹಾಯಕರು ಬೇಕಂತೆ. ಪದವಿ ಇರೋರು ಬೇಕಾದಷ್ಟು ಜನ ಸಿಗ್ತಾರೆ, ನೀರಲ್ಲಿ ಜೀವ ಉಳಿಸೋರು ಸಿಗಲ್ಲ ಅಂತಾನೆ. ಜನವರಿಯಿಂದ ಮೇ ಕೊನೇವರೆಗೆ ಯಾವುದಾದ್ರೂ ಸಣ್ಣ ಕಡಲ ಜೀವಿ ಸಾಕಿ, ವಾರವಾರ ಎಣಿಸಿ ಲೆಕ್ಕ ಬರೆದು, ಆ ಪುಸ್ತಕ ತಗೊಂಡು ಬರಲಿ ಅಂದ. ಮಾಡ್ತೀರಾ?"

ಮಾಡದೆ ಇರುತ್ತೇನೆಯೇ? ಕಡಲ ದಂಡೆಯಲ್ಲಿ ಕೆಲಸ, ಕಡಲ ಜೀವಗಳ ಕೆಲಸ! ಆ ದಿನದಿಂದ ನನಗೆ ಬೇರೆ ಆಸೆಯೇ ಉಳಿಯಲಿಲ್ಲ.

ಕಾಲೇಜಿನ ಪ್ರಯೋಗಶಾಲೆ ಒಂದೇ ಕೋಣೆ, ಅದರ ತುಂಬ ಫಾರ್ಮಲಿನ್ ವಾಸನೆ. ಅಲ್ಲಿ ಜೀವ ಉಳಿಯುವಂತಿರಲಿಲ್ಲ. ಹಾಗಾಗಿ ತೊಟ್ಟಿ ನಾನು ಬಾಡಿಗೆಗಿದ್ದ ಮನೆಯ ಜಗಲಿಗೆ ಬರಬೇಕಾಯಿತು. ಮನೆಯೊಡತಿ ಹವ್ಯಕರ ವಿಧವೆ, ಅರವತ್ತು ದಾಟಿದವರು. ಕೆಂಪು ಸೀರೆ, ಬೋಳು ತಲೆ, ದಿನಕ್ಕೊಂದೇ ಊಟ, ಕಟ್ಟುನಿಟ್ಟಿನ ಮಡಿ. ಮನೆಯ ಹಿಂಭಾಗದಲ್ಲಿ ಅವರ ತಮ್ಮನ ಮಗನ ಸಂಸಾರ. ಮುಂದಿನ ಕೋಣೆ ನನ್ನದು. ಮೀನು ತಿನ್ನುವ ಜಾತಿಯವಳಿಗೆ ಕೋಣೆ ಕೊಟ್ಟದ್ದೇ ದೊಡ್ಡದು. 'ಒಳಗೆ ಮೀನು ಬೇಯಿಸಲಾಗ' ಎಂಬ ಒಂದೇ ಷರತ್ತು ಹಾಕಿದ್ದರು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ. ಅವರ ಪಾಲಿಗೆ ನಾನು ಕೂಸು. ಅವರ ಮಾತಿನಲ್ಲಿ ಹಾಗೆಂದರೆ ಹುಡುಗಿ, 'ಆನು' ಎಂದರೆ ನಾನು.

"ಎಂತದೇ ಕೂಸೇ ಅದು? ಮೀನಾ?" ಎಂದರು ತೊಟ್ಟಿ ಬಂದ ದಿನ.

"ಮೀನಲ್ಲ ಅಮ್ಮಾ, ಹುಳ."

"ಹುಳ ಆದ್ರೆ ಅಡ್ಡಿಲ್ಲೆ. ಮೀನು ಒಳಗೆ ಬಪ್ಪಲಾಗ."

ಸಿಗಡಿಯ ಬಳಗದ ಜೀವಿಯನ್ನು ಹುಳ ಎಂದು ಒಪ್ಪಿಸಿದ್ದಕ್ಕೆ ನನಗೆ ಪಾಪ ಬಂದಿದ್ದರೆ ಬಂದಿರಲಿ. ತೊಟ್ಟಿ ಜಗಲಿಯೇರಿತು.

ತೊಟ್ಟಿಯ ಚೌಕಟ್ಟು ಕಬ್ಬಿಣದ ಪಟ್ಟಿಯದು, ಗಾಜಿನ ಸಂದಿಗೆ ಡಾಂಬರು. ಗಾಳಿ ಊದುವ ಯಂತ್ರ ಆಗ ನಮಗೆಲ್ಲಿಯದು? ಹಳೆಯ ಲಾರಿ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಅದರ ಬಾಯಿಗೆ ತೆಳು ರಬ್ಬರ್ ಕೊಳವೆ ಕಟ್ಟಿ, ಕೊಳವೆಯ ಕೊನೆಗೆ ಬೆತ್ತದ ತುಂಡು ಸಿಕ್ಕಿಸಿದೆ. ಬೆತ್ತದ ಸಣ್ಣ ರಂಧ್ರಗಳಿಂದ ಗುಳ್ಳೆಗಳು ಏಳುತ್ತಿದ್ದವು. ಬೆಳಗ್ಗೆ, ಸಂಜೆ ಮುನ್ನೂರು ಸಲ ಪಂಪು ಒತ್ತಬೇಕು. ನೀರಿನ ಉಪ್ಪನ್ನು ಅಳೆಯಲು ಹಾಲು ಅಳೆಯುವ ಲ್ಯಾಕ್ಟೋಮೀಟರ್. ಒಳ್ಳೆಯ ಕಡಲ ನೀರಿನಲ್ಲಿ ಅದು ಇಪ್ಪತ್ತೈದರ ಗೆರೆಯ ಹತ್ತಿರ ನಿಲ್ಲುತ್ತದೆ, ತುಸು ನೀರು ಬೆರೆಸಿದ ಹಾಲಿನಲ್ಲಿ ನಿಂತ ಹಾಗೆ. ಇದನ್ನು ಹೇಳಿದಾಗ ಅಮ್ಮ ಬಿದ್ದು ಬಿದ್ದು ನಕ್ಕರು. "ಹಂಗಾರೆ ನಮ್ಮನೆ ಹಾಲು ಕೊಡೋನು ಸಮುದ್ರಾನೇ ತಂದು ಕೊಡ್ತಿದ್ದ ಹೇಳಾತು!"

ಮೊದಲ ಸಲ ಎಲ್ಲ ಸತ್ತಿತು. ಅಣ್ಣ ನೀರು ಕಳಿಸಿದ್ದು ಸೀಮೆಎಣ್ಣೆಯ ಡಬ್ಬದಲ್ಲಿ. ಎಷ್ಟು ತೊಳೆದರೂ ಎಣ್ಣೆಯ ಪೊರೆ ಹೋಗಿರಲಿಲ್ಲ. ಕಲ್ಲು, ಪಾಚಿ, ಹುಳ ಎಲ್ಲ ಮೂರೇ ದಿನದಲ್ಲಿ ನಾರಿ, ಅಮ್ಮ ಮೂಗಿಗೆ ಸೆರಗು ಹಿಡಿದು ಒಳಗೆ ಹೋದರು. ನಾನು ಗೋಡೆಗೆ ಹಣೆ ಒತ್ತಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅವರೇ ಉಗ್ರಾಣದಿಂದ ಒಂದು ದೊಡ್ಡ ಉಪ್ಪಿನಕಾಯಿ ಭರಣಿ ತಂದಿಟ್ಟರು. ಮಾವಿನ ಮಿಡಿ ಬರುವವರೆಗೆ ಅದು ಖಾಲಿಯೇ ಎಂದರು. ಅಣ್ಣನೂ ಅಂಥದೇ ಎರಡು ಸಣ್ಣ ಭರಣಿ ಹುಡುಕಿ, ಗೋಣಿ ಸುತ್ತಿ, ನೀರು ಕಳಿಸತೊಡಗಿದ. ಬಂದ ನೀರು ದೊಡ್ಡ ಭರಣಿಯಲ್ಲಿ ಒಂದು ವಾರ ತಿಳಿಯಾಗಬೇಕು. ಆಮೇಲೆ ತೊಟ್ಟಿಯ ನೀರಿನಲ್ಲಿ ಐದರಲ್ಲೊಂದು ಪಾಲು ತೆಗೆದು ಅಷ್ಟೇ ಹೊಸ ನೀರು ಹಾಕಬೇಕು. ಅಮ್ಮನ ಆ ಭರಣಿ ಇಲ್ಲದಿದ್ದರೆ ನನ್ನ ಕೆಲಸ ಫೆಬ್ರವರಿಯಲ್ಲೇ ಮುಗಿದಿರುತ್ತಿತ್ತು.

ನಾನು ಎಣಿಸಲು ಆರಿಸಿಕೊಂಡದ್ದು ಅಣ್ಣ ಮತ್ತೆ ಕಳಿಸಿದ ಕಲ್ಲು, ಪಾಚಿಯ ಜೊತೆ ಬಂದ ಒಂದು ಚಿಮ್ಮುವ ಜೀವಿಯನ್ನು. ಎಳ್ಳಿನಷ್ಟು ಗಾತ್ರ, ಬಾಗಿದ ಬೆನ್ನು, ಮುಟ್ಟಿದರೆ ಚಟ್ಟನೆ ಹಾರುತ್ತದೆ. ನಾನದಕ್ಕೆ ಚಿಮ್ಮ ಎಂದು ಹೆಸರಿಟ್ಟೆ. ಕಲ್ಲಿನ ಸಂದಿಯಲ್ಲಿ ಅಡಗುವುದನ್ನು ಎಣಿಸುವುದು ಹೇಗೆ? ತೆಂಗಿನ ನಾರಿನ ಆರು ಸಣ್ಣ ಕಟ್ಟುಗಳನ್ನು ಒಂದೇ ತೂಕಕ್ಕೆ ಕಟ್ಟಿ ತೊಟ್ಟಿಯ ಆರು ಕಡೆ ಇಳಿಬಿಟ್ಟೆ. ಚಿಮ್ಮಗಳು ನಾರಿನೊಳಗೆ ಸೇರಿಕೊಳ್ಳುತ್ತಿದ್ದವು. ಭಾನುವಾರ ಬೆಳಗ್ಗೆ ಒಂದೊಂದೇ ಕಟ್ಟನ್ನು ಎತ್ತಿ, ಬಿಳಿ ಎನಾಮೆಲ್ ತಟ್ಟೆಯಲ್ಲಿ ಜಾಲಾಡಿ, ಭೂತಗನ್ನಡಿಯಲ್ಲಿ ಮೂರು ಸಲ ಎಣಿಸಿ, ವಾಪಸು ಬಿಡುತ್ತಿದ್ದೆ. ಹೊಟ್ಟೆಯಡಿ ಮೊಟ್ಟೆಚೀಲ ಇದ್ದವಕ್ಕೆ ಪುಸ್ತಕದಲ್ಲಿ ಬೇರೆ ಸಾಲು.

ಸಂತತಿ ಬೆಳೆಯತೊಡಗಿತು. ಬೆಳೆದದ್ದು ನೋಡಿ ನನಗೆ ಸೊಕ್ಕು ಬಂತು. ಹೆಚ್ಚು ತಿಂದರೆ ಹೆಚ್ಚು ಹುಟ್ಟುತ್ತವೆ ಎಂದು ನೆನೆಸಿದ ಹೆಸರುಕಾಳು ಅರೆದು ಹಾಕಿದೆ. ಸಿಗಡಿ ಪುಡಿ ತರುವಂತಿರಲಿಲ್ಲವಲ್ಲ! ಎರಡೇ ವಾರದಲ್ಲಿ ನೀರು ಮಜ್ಜಿಗೆಯಾಯಿತು. ಚಿಮ್ಮಗಳು ಅರ್ಧಕ್ಕೆ ಇಳಿದವು. ಅವುಗಳ ಬದಲು ಗಾಜಿನ ಮೇಲೆಲ್ಲ ಕಣ್ಣಿಗೆ ಕಂಡೂ ಕಾಣದ ಬಿಳಿ ಚುಕ್ಕೆಗಳು ಓಡಾಡತೊಡಗಿದವು. ಮರಳಿನಿಂದ ಮುಳ್ಳುಗೂದಲಿನ ಕೆಂಪು ಹುಳುಗಳು ತಲೆ ಎತ್ತಿದವು. ಒಂದನ್ನು ಬರಿಗೈಯಲ್ಲಿ ಹಿಡಿದು ಎರಡು ದಿನ ಬೆರಳು ಉರಿಸಿಕೊಂಡೆ. ಆಗ ಬುದ್ಧಿ ಬಂತು. ಕೊಲ್ಲುವುದಲ್ಲ, ಊಟ ಕಡಿಮೆ ಮಾಡುವುದು. ಹೆಸರುಕಾಳು ನಿಲ್ಲಿಸಿ, ಬೇಯಿಸಿದ ಬಸಳೆ ಎಲೆಯನ್ನು ಅಂಗೈಯಗಲ, ವಾರಕ್ಕೆ ಎರಡು ಸಲ ಮಾತ್ರ ಹಾಕಿದೆ. ಬಸಳೆಯ ದಂಟನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮರಳ ಮೇಲಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳುಗಳು ಅದರೊಳಗೆ ತುಂಬಿರುತ್ತಿದ್ದವು. ಅರ್ಧ ಹುಳುಗಳನ್ನು ತೆಗೆದೆ. ಉಳಿದ ಅರ್ಧ ಮರಳನ್ನು ಚೊಕ್ಕಟ ಮಾಡಲು ಬೇಕಿತ್ತು. ಮಾರ್ಚ್ ಹೊತ್ತಿಗೆ ತೊಟ್ಟಿ ತನ್ನ ಹದಕ್ಕೆ ತಾನು ನಿಂತಿತು. ಆ ಹದ ಎಷ್ಟು ನಾಜೂಕು ಎಂದರೆ ನಾನು ಅದರ ಮುಂದೆ ಸೀನಲೂ ಹೆದರುತ್ತಿದ್ದೆ.

ಅಣ್ಣ ಕಳಿಸಿದ ಕಲ್ಲಿಗೆ ಒಂದು ಕಡಲ ಹೂವು ಅಂಟಿಕೊಂಡು ಬಂದಿತ್ತು. ಅದು ಗಿಡವಲ್ಲ, ಪ್ರಾಣಿ. ಹಸಿರು ಬುಡ, ಸುತ್ತ ನಸುಗೆಂಪು ಎಸಳುಗಳಂಥ ಬೆರಳು. ಚಿಮ್ಮಗಳನ್ನು ಹಿಡಿದು ನುಂಗುತ್ತಿದ್ದುದರಿಂದ ನನಗದು ಬೇಡದ ನೆಂಟ. ಸೊಳ್ಳೆಪರದೆಯ ತುಂಡು ಅಡ್ಡ ಕಟ್ಟಿ, ಅದಕ್ಕೆ ತೊಟ್ಟಿಯ ಒಂದು ಮೂಲೆ ಕೊಟ್ಟಿದ್ದೆ. ಅಮ್ಮನಿಗೆ ತೊಟ್ಟಿಯಲ್ಲಿ ಕಾಣುತ್ತಿದ್ದುದು ಅದೊಂದೇ. ದಿನವೂ ಜಪ ಮುಗಿಸಿ ಬಂದು ಮಣೆ ಹಾಕಿಕೊಂಡು ಕೂರುತ್ತಿದ್ದರು. ಒಮ್ಮೆ ನೈವೇದ್ಯದ ನಾಲ್ಕು ಅಗುಳು ಅನ್ನವನ್ನು ಅದಕ್ಕೆ ಹಾಕಿಬಿಟ್ಟರು. ಹೂವು ತಕ್ಷಣ ಮುಚ್ಚಿ ಹಿಡಿಯಿತು, ಸ್ವಲ್ಪ ಹೊತ್ತಿಗೆ ಉಗುಳಿತು.

"ಕೈಯಿದ್ದು, ಬಾಯಿದ್ದು, ಬೇಡ ಹೇಳಲೂ ಬತ್ತು. ಹೂವಲ್ಲ ಇದು, ಎನ್ನ ಅತ್ತೆ," ಎಂದರು.

ಅವರು ಸಮುದ್ರ ನೋಡಿರಲಿಲ್ಲ. ಘಟ್ಟ ಇಳಿದರೆ ಸಿಗುವ ಸಮುದ್ರ, ಅರ್ಧ ದಿನದ ದಾರಿ. ಒಂಬತ್ತಕ್ಕೆ ಮದುವೆ, ಹತ್ತೊಂಬತ್ತಕ್ಕೆ ಗಂಡ ಇಲ್ಲ. ಗೋಕರ್ಣಕ್ಕೆ ಕರೆದುಕೊಂಡು ಹೋಗುತ್ತೇನೆಂದು ಗಂಡ ಹೇಳಿದ್ದರಂತೆ. ಆಮೇಲೆ ಯಾರೂ ಕರೆಯಲಿಲ್ಲ, ಇವರು ಕೇಳಲಿಲ್ಲ.

"ಸಮುದ್ರ ನೋಡಿದ್ನಿಲ್ಲೆ ಕೂಸೇ. ಆದರೆ ಅದರ ಒಂದು ಹೂವು ಎನ್ನ ಜಗಲಿಗೇ ಬಂತು ನೋಡು. ಪುಣ್ಯ ಇದ್ದು ಎಂಗೆ," ಎನ್ನುತ್ತಿದ್ದರು. ನನಗೆ ಕಡಲಿನ ಆಸೆ ಎಷ್ಟಿತ್ತೋ ಅವರಿಗೂ ಅಷ್ಟೇ ಇತ್ತು. ನಾನದನ್ನು ಬಾಯ್ಬಿಟ್ಟು ಗೊಣಗುತ್ತಿದ್ದೆ, ಅವರು ಹೂವಿನ ಮುಂದೆ ಕೂರುತ್ತಿದ್ದರು.

ಏಪ್ರಿಲ್‌ನಲ್ಲಿ ನನ್ನನ್ನು ತೀರ್ಥಹಳ್ಳಿಗೆ ಪ್ರಾಯೋಗಿಕ ಪರೀಕ್ಷೆಯ ಕೆಲಸಕ್ಕೆ ಹಾಕಿದರು. ಎಂಟು ದಿನ. ಪಂಪು ಒತ್ತಲು ಅಮ್ಮನ ತಮ್ಮನ ಮಗ ಒಪ್ಪಿದ. ನಾನು ಬರುವವರೆಗೆ ನೀರು ಕಳಿಸಬೇಡ ಎಂದು ಅಣ್ಣನಿಗೆ ಬರೆದು, ಬೇರೆ ಏನೂ ಮುಟ್ಟಬೇಡಿ ಎಂದು ಮನೆಯಲ್ಲಿ ಹತ್ತು ಸಲ ಹೇಳಿ ಹೋದೆ. ಅಲ್ಲಿ ಕಪ್ಪೆಗಳ ನಡುವೆ ನಿಂತಿದ್ದರೂ ಮನಸ್ಸೆಲ್ಲ ತೊಟ್ಟಿಯಲ್ಲಿ. ಮುಗಿದ ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟು, ದಾರಿಯ ಊರುಗಳಾದ ನಗರ, ಹೊಸನಗರಗಳ ಧೂಳನ್ನೆಲ್ಲ ತಲೆಗೆ ಹೊತ್ತು ಸಾಗರ ಮುಟ್ಟಿದೆ.

ತೊಟ್ಟಿ ಚೆನ್ನಾಗಿತ್ತು. ಆದರೆ ಮೂಲೆಯಲ್ಲಿ ನನ್ನ ಭರಣಿ ಇರಲಿಲ್ಲ. ಅದರ ಜಾಗದಲ್ಲಿ ಬಂಗಾರದಂತೆ ಹೊಳೆಯುವ ಎರಡು ತಾಮ್ರದ ಕೊಡ, ಬಾಯಿಗೆ ಒಗೆದ ಬಿಳಿ ಬಟ್ಟೆ.

"ನೀ ಹೋದ ದಿನವೇ ಅಪ್ಪೆಮಿಡಿ ಬಂತು ಕೂಸೇ. ಮಿಡಿ ಕಾಯ್ತಿಲ್ಲೆ, ಉಪ್ಪಿಗೆ ಹಾಕಲೇ ಬೇಕಾತು. ಭರಣಿ ಆನೇ ತಗಂಡಿ. ನಿನ್ನ ಸಮುದ್ರ ಎಲ್ಲೂ ಹೋಯ್ದಿಲ್ಲೆ. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದು, ತಾಮ್ರದ ಕೊಡದಲ್ಲಿ ತುಂಬಿಟ್ಟಿದ್ದಿ. ಮಡಿಯಲ್ಲೇ."

ಅದು ದೇವರ ನೀರು ಹೊರುವ ಕೊಡ. ಅದಕ್ಕೆ ನನ್ನ ಹುಳದ ನೀರನ್ನು ತುಂಬಿಟ್ಟಿದ್ದರು. ನನಗೆ ಕಣ್ಣು ತುಂಬಿತು. ತಾಮ್ರದಲ್ಲಿಟ್ಟ ನೀರು ಕೆಡುವುದಿಲ್ಲ ಎಂದು ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ನಾನೂ ಅದನ್ನೇ ಕುಡಿದು ಬೆಳೆದವಳು. ಪ್ರಾಣಿಶಾಸ್ತ್ರ ಓದಿದ ತಲೆಗೆ ಆ ಹೊತ್ತಿಗೆ ಬೇರೇನೂ ಹೊಳೆಯಲಿಲ್ಲ. ಲ್ಯಾಕ್ಟೋಮೀಟರ್ ಇಳಿಸಿ ನೋಡಿದೆ, ಸರಿಯಾಗಿತ್ತು. ನೀರಿಗೆ ತುಸು ಹಸಿರು ಛಾಯೆ ಇತ್ತು. ಪಾಚಿಯಿರಬೇಕು ಎಂದುಕೊಂಡೆ. ಒಂದು ವಾರದ ನೀರು ಬಾಕಿಯಿತ್ತಲ್ಲ ಎಂದು ಎರಡು ಕೊಡವನ್ನೂ ನನ್ನ ಕೈಯಾರೆ ತೊಟ್ಟಿಗೆ ಸುರಿದೆ.

ಒಂದು ಗಂಟೆಯೊಳಗೆ ಚಿಮ್ಮಗಳು ನಾರಿನಿಂದ ಹೊರಬಂದು ನೀರಿನ ಮೇಲ್ಗಡೆ ಬುಗುರಿಯಂತೆ ಸುತ್ತತೊಡಗಿದವು. ಆಮೇಲೆ ಒಂದೊಂದಾಗಿ ತಳಕ್ಕಿಳಿದವು. ಗಾಜಿಗೆ ಅಂಟಿದ್ದ ಸಣ್ಣ ಬಸವನಹುಳುಗಳು ಉದುರಿದವು. ಕೆಂಪು ಹುಳುಗಳು ಮರಳಿನಿಂದ ಎದ್ದು ಗಂಟುಗಂಟಾಗಿ ಬಿದ್ದವು. ಹೂವು ತನ್ನೆಲ್ಲ ಬೆರಳುಗಳನ್ನು ಒಳಗೆಳೆದುಕೊಂಡು ಲೋಳೆ ಸುರಿಸುತ್ತ ಮುಷ್ಟಿಯಾಯಿತು. ಒಂದು ಸೀಸೆಯಲ್ಲಿ ನೀರು ಹಿಡಿದು ಕಾಲೇಜಿಗೆ ಓಡಿದೆ. ರಸಾಯನಶಾಸ್ತ್ರದ ಕೋಣೆಯಲ್ಲಿ ಮುಖ್ಯಸ್ಥರು ಬಿಳಿ ಬಟ್ಟಲಿಗೆ ಅದನ್ನು ಸುರಿದು ಅಮೋನಿಯಾ ಹನಿಸಿದರು. ನೀರು ನೀಲಿಯಾಯಿತು.

"ತಾಮ್ರ," ಎಂದರು. "ಹುಳಿ ಹಾಕಿ ಉಜ್ಜಿದ ಕೊಡದಲ್ಲಿ ಉಪ್ಪುನೀರು ವಾರ ನಿಂತ್ರೆ ಇನ್ನೇನಾಗುತ್ತೆ? ಮೈಲುತುತ್ತ ಹೊಡೆದ ತೋಟದ ಕಾಲುವೇಲಿ ಬಸವನಹುಳು ಉಳಿಯುತ್ತಾ? ಅದೂ ತಾಮ್ರವೇ, ಅದೇ ಕಥೆ."

ಬಟ್ಟಲನ್ನು ತೊಳೆದಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ಇನ್ನು ಆರು ವಾರದ ಅಂಕಿ ತಾನೆ? ಇಲ್ಲೀವರೆಗಿನ ಲೆಕ್ಕ ನೋಡಿದ್ರೆ ಮುಂದಿಂದು ಯಾರಾದ್ರೂ ಹೇಳಬಹುದು. ಬರ್ಕೊಂಡ್ಬಿಡಿ."

"ಇಲ್ಲ ಸಾರ್," ಎಂದೆ. ಎಣಿಸದೆ ಬರೆಯುವುದು ನನ್ನಿಂದಾಗದ ಕೆಲಸ. ಆ ವಿಷಯದಲ್ಲಿ ನನಗೆ ಆಗಲೂ ಹೆಮ್ಮೆ, ಈಗಲೂ ಹೆಮ್ಮೆ.

ಪ್ರಯೋಗಶಾಲೆಯ ಕಪಾಟಿನಲ್ಲಿ ಒಂದು ಗಾಜಿನ ಜಾಡಿ ಇತ್ತು. ಲ್ಯಾಕ್ಟೋಮೀಟರನ್ನು ತಾಳೆ ನೋಡಲೆಂದು ಮುಚ್ಚಿಟ್ಟಿದ್ದ ಒಳ್ಳೆಯ ಕಡಲ ನೀರು, ಎರಡು ಸೇರಿನಷ್ಟು. ಅದನ್ನು ಎದೆಗವಚಿಕೊಂಡು ಮನೆಗೆ ಬಂದೆ. ಬರುವ ದಾರಿಯಲ್ಲೇ ಬಸ್ ಸ್ಟ್ಯಾಂಡಿಗೆ ಹೋಗಿ ಹೊನ್ನಾವರದ ಬಸ್ಸಿನಲ್ಲಿ ಅಣ್ಣನಿಗೆ ಚೀಟಿ ಕಳಿಸಿದೆ. ನೀರು ಬರಲು ಎಷ್ಟು ಬೇಗ ಎಂದರೂ ಮೂರು ದಿನ.

ನಾರಿನ ಕಟ್ಟುಗಳನ್ನು ತಟ್ಟೆಯಲ್ಲಿ ಬಿಡಿಸಿ ನೋಡಿದರೆ, ಒಳಗಿನ ತಿರುಳಿನಲ್ಲಿ ಒಂಬತ್ತು ಚಿಮ್ಮಗಳು ಇನ್ನೂ ಕಾಲಾಡಿಸುತ್ತಿದ್ದವು. ಮೂರಕ್ಕೆ ಮೊಟ್ಟೆಚೀಲ ಇತ್ತು. ಸಂತತಿ ಮುಂದುವರಿಯಲು ಅಷ್ಟು ಸಾಕು. ಆಮೇಲೆ ಹೂವನ್ನು ಕಲ್ಲಿನ ಸಮೇತ ತಟ್ಟೆಗೆ ಎತ್ತಿಟ್ಟು ಬೆರಳು ತಾಗಿಸಿದೆ. ಮುಷ್ಟಿಯ ನಡುವಿನಿಂದ ಎರಡೋ ಮೂರೋ ಎಸಳು ಹೊರಬಂದು ನನ್ನ ಬೆರಳನ್ನು ಹಿಡಿದುಕೊಂಡವು. ಸೋತಿದ್ದವು, ಆದರೆ ಹಿಡಿದವು.

ಎರಡು ಸೇರು ನೀರು. ಹೂವನ್ನು ಚಿಮ್ಮಗಳ ಜೊತೆ ಹಾಕಿದರೆ ಅದರ ಲೋಳೆಗೆ ನೀರು ಒಂದೇ ದಿನದಲ್ಲಿ ಕೆಡುತ್ತದೆ. ನೀರನ್ನು ಪಾಲು ಮಾಡಿದರೆ ಎರಡೂ ಕಡೆ ಸಾಲದು. ಚಿಮ್ಮಗಳು ಉಳಿದರೆ ನನ್ನ ಪುಸ್ತಕ ಉಳಿಯುತ್ತದೆ, ನಾನು ಕಡಲಿಗೆ ಹೋಗುತ್ತೇನೆ. ಹೂವು ಉಳಿದರೆ ಅಮ್ಮನಿಗೆ ಹೂವಿರುತ್ತದೆ. ಹತ್ತು ನಿಮಿಷ ಕುಕ್ಕರಗಾಲಿನಲ್ಲಿ ಕೂತಿದ್ದೆ. ಆಮೇಲೆ ಒಂಬತ್ತು ಚಿಮ್ಮಗಳನ್ನು ಕುಂಚದ ತುದಿಯಲ್ಲಿ ಎತ್ತಿ ಜಾಡಿಗೆ ಬಿಟ್ಟೆ. ಹೂವನ್ನು ತಟ್ಟೆಯಲ್ಲಿ, ಅದೇ ವಿಷದ ನೀರಿನಲ್ಲಿ ಬಿಟ್ಟೆ.

ಜಪ ಮುಗಿಸಿ ಅಮ್ಮ ಬಂದರು. "ಹೂವು ಎಂತಕ್ಕೆ ತಟ್ಟೆಯಲ್ಲಿದ್ದು?"

ನನ್ನ ಸಿಟ್ಟು ಎಲ್ಲಿತ್ತೋ ಬಂತು. "ನಿಮ್ಮ ತಾಮ್ರ ಅಮ್ಮಾ! ನೀವು ತಾಮ್ರದಲ್ಲಿ ಇಟ್ಟಿರಲ್ಲ, ಅದು ಈ ಜೀವಗಳಿಗೆ ವಿಷ. ಎಲ್ಲ ಸತ್ತು ಹೋಯಿತು. ಇದೂ ಸಾಯುತ್ತದೆ. ಇದನ್ನು ಉಳಿಸಲು ಆಗುವುದಿಲ್ಲ!"

ಸುರಿದವಳು ನಾನು ಎಂದು ಹೇಳಲಿಲ್ಲ. ಒಳ್ಳೆಯ ನೀರಿದೆ, ಅದನ್ನು ಬೇರೆಯವಕ್ಕೆ ಕೊಟ್ಟಿದ್ದೇನೆ ಎಂದೂ ಹೇಳಲಿಲ್ಲ. ಅವರು ಅಲ್ಲೇ ಕೂತರು. ತಟ್ಟೆಯತ್ತ ಬಾಗಿ, "ಆನೇ ಕೊಂದಿ," ಎಂದು ಎದ್ದು ಒಳಗೆ ಹೋದರು.

ಹೂವು ಎರಡನೆಯ ದಿನ ಕರಗಿತು. ಮೂರನೆಯ ದಿನ ಅಣ್ಣನ ನೀರು ಬಂತು. ಅಮ್ಮ ಆ ವರ್ಷದ ಮಿಡಿ ಉಪ್ಪಿನಕಾಯಿ ಮುಟ್ಟಲಿಲ್ಲ. ಒಂದೇ ಹೊತ್ತು ಉಣ್ಣುವ ಅವರಿಗೆ ನಾಲಗೆಗೆ ರುಚಿ ಎಂದು ಇದ್ದದ್ದು ಅದೊಂದು. ಕಾಶಿಗೆ ಹೋದವರು ಇಷ್ಟದ ತಿನಿಸನ್ನು ಬಿಟ್ಟು ಬರುವಂತೆ ಬಿಟ್ಟರು. ಯಾಕೆಂದು ಮನೆಯವರಿಗೆ ಹೇಳಲಿಲ್ಲ. ನನಗೆ ಗೊತ್ತಿತ್ತು. ಅವರೆದುರು ಕೂತು ನಾನು ಅದೇ ಉಪ್ಪಿನಕಾಯಿ ತಿಂದೆ, ಬಡಿಸಿದವರೂ ಅವರೇ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಒಂಬತ್ತು ಚಿಮ್ಮಗಳಿಂದ ಸಂತತಿ ಮತ್ತೆ ಎದ್ದಿತು. ಪುಸ್ತಕದಲ್ಲಿ ಸಾವಿನ ವಾರವನ್ನು ಇದ್ದ ಹಾಗೇ ಬರೆದೆ. 'ತಾಮ್ರದ ಪಾತ್ರೆಯ ನೀರು. ಪರೀಕ್ಷಿಸದೆ ಸುರಿದದ್ದು ನಾನು.' ಮೇ ಕೊನೆಗೆ ಸಂದರ್ಶನ. ಕೇಂದ್ರದ ಹಿರಿಯರು ಆ ಪುಟವನ್ನೇ ಎರಡು ಸಲ ಓದಿದರು. ಸತ್ತದ್ದನ್ನು ಬರೆದವರು ನೀವೊಬ್ಬರೇ ಎಂದರು. ಕೆಲಸ ನನಗೆ ಸಿಕ್ಕಿತು. ಹೊರಡುವ ದಿನ ಕಾಲಿಗೆ ಬಿದ್ದಾಗ ಅಮ್ಮ ತಲೆ ಸವರಿ, "ನಿನ್ನ ಸಮುದ್ರ ನಿಂಗೆ ಸಿಕ್ತು ಕೂಸೇ. ಹೋಗಿ ಬಾ," ಎಂದರು.

ಕೇಂದ್ರದಲ್ಲಿ ನನಗೆ ಸಿಕ್ಕಿದ್ದು ಸಾಲುಸಾಲು ತೊಟ್ಟಿ, ಕಿಟಕಿ ತೆರೆದರೆ ಕಡಲು. ಮೊದಲ ತಿಂಗಳು ನಾನು ನೆಲದ ಮೇಲೆ ನಡೆಯಲೇ ಇಲ್ಲ. ಎರಡನೆಯ ತಿಂಗಳು ಒಂದು ತೊಟ್ಟಿಗೆ ಹಿತ್ತಾಳೆಯ ನಲ್ಲಿಯಿಂದ ತಾಮ್ರ ಇಳಿದು, ಅಂಥದೇ ಒಂದು ಹೂವು ಮುಷ್ಟಿ ಕಟ್ಟಿತು. ಹಿರಿಯರು ಅದನ್ನೆತ್ತಿ ಶುದ್ಧ ನೀರಿನ ಬಟ್ಟಲಿನಲ್ಲಿಟ್ಟರು. ನಾಲ್ಕನೆಯ ದಿನ ಅರಳಿತು. "ಇವು ಗಟ್ಟಿ ಜೀವ, ಒಳ್ಳೇ ನೀರು ಕೊಟ್ಟರೆ ಸಾಕು," ಎಂದರು. ಆ ಬಟ್ಟಲಿನಲ್ಲಿದ್ದದ್ದು ಎರಡು ಸೇರೂ ಇರಲಿಲ್ಲ.

ಅಂದು ಸಂಜೆಯೇ ಅಮ್ಮನಿಗೆ ಕಾಗದ ಬರೆದೆ. ಬನ್ನಿ, ಸಮುದ್ರ ತೋರಿಸುತ್ತೇನೆ ಎಂದಷ್ಟೇ ಬರೆದೆ. ತಮ್ಮನ ಮಗನ ಕೈಯಲ್ಲಿ ಬರೆಸಿದ ಕಾರ್ಡು ಬಂತು. 'ಅದರ ಹೂವನ್ನು ಕೊಂದವಳು ಯಾವ ಮುಖ ಹೊತ್ತು ಸಮುದ್ರದ ಮುಂದೆ ನಿಲ್ಲಲಿ? ನನ್ನ ಪಾಲಿಗೆ ಅದಿಲ್ಲ. ನೀನು ಸುಖವಾಗಿರು.'

ದೀಪಾವಳಿಯ ರಜೆಗೆ ಊರಿಗೂ ಹೋಗದೆ ನೇರ ಸಾಗರಕ್ಕೆ ಹೋದೆ. ಅಮ್ಮ ಜಗಲಿಯಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೊಡದ ನೀರು ಸುರಿದದ್ದು, ಜಾಡಿ, ಒಂಬತ್ತು ಚಿಮ್ಮಗಳು, ತಟ್ಟೆ.

"ಒಳ್ಳೆ ನೀರು ಹಾಕಿದ್ರೆ ಅದು ಬದುಕ್ತಿತ್ತಾ?"

"ಬದುಕುತ್ತಿತ್ತು ಅಮ್ಮಾ."

"ನಿಂಗೆ ಆವತ್ತೇ ಗೊತ್ತಿತ್ತಾ?"

"ಪೂರ್ತಿ ಗೊತ್ತಿರಲಿಲ್ಲ. ಬೆರಳು ಹಿಡಿದಿತ್ತು. ಅಷ್ಟು ಗೊತ್ತಿತ್ತು."

ಕೈಯಲ್ಲಿದ್ದ ಬತ್ತಿಯನ್ನು ಪೂರ್ತಿ ಹೊಸೆದು ಬದಿಗಿಟ್ಟರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾರೆ ಆನು ಸಮುದ್ರಕ್ಕೆ ಬಪ್ಪಲಕ್ಕು," ಎಂದರು. "ನಾಳೆ ಬಸ್ಸು ಎಷ್ಟೊತ್ತಿಗೆ?"

ಬಸ್ಸಿನಲ್ಲಿ ಅವರು ಕಿಟಕಿಯ ಬದಿಗೆ ಕೂತರು. ಘಟ್ಟ ಇಳಿಯುವಾಗ ಕಿಟಕಿಯ ಸರಳನ್ನು ಎರಡು ಕೈಯಲ್ಲೂ ಹಿಡಿದಿದ್ದರು. ಮರುದಿನ ಬೆಳಗ್ಗೆ ಕಡಲು ಇಳಿದ ಹೊತ್ತಿಗೆ ಕೇಂದ್ರದ ಹಿಂದಿನ ಬಂಡೆಗಳಿಗೆ ಕರೆದೊಯ್ದೆ. ಎದುರಿಗೆ ಇಡೀ ಸಮುದ್ರ ಬಿದ್ದಿತ್ತು. ಅವರು ಕೈ ಮುಗಿದು, ಮೂರು ಸಲ ಮುಳುಗಿ ಎದ್ದು, ಒದ್ದೆ ಸೀರೆಯಲ್ಲೇ ಬಂಡೆಯ ಮೇಲೆ ಕೂತರು. ಪಕ್ಕದ ಕುಳಿಯಲ್ಲಿ, ಅಂಗೈಯಷ್ಟು ನೀರಿನಲ್ಲಿ, ಹೂವೊಂದು ಅರಳಿತ್ತು. ಬಾಗಿ ಬೆರಳು ಇಟ್ಟರು. ಅದು ಹಿಡಿದುಕೊಂಡಿತು. ಬೆರಳನ್ನು ತೆಗೆಯದೆ ಎಷ್ಟೋ ಹೊತ್ತು ಕೂತಿದ್ದರು. ಅವರು ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ.

ಏಳುವಾಗ ಹೇಳಿದರು. "ಇದನ್ನ ಇಲ್ಲಿಂದ ತಗಂಡು ಹೋಗಡ."

"ಇಲ್ಲ ಅಮ್ಮಾ, ಒಯ್ಯುವುದಿಲ್ಲ," ಎಂದೆ.

ಇನ್ನೆರಡು ದಿನ ಇರಿ ಎಂದು ಎಷ್ಟು ಬೇಡಿದರೂ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟರು. ಮತ್ತೆ ಬಾ ಎಂದು ನನ್ನನ್ನು ಕರೆಯಲಿಲ್ಲ. ನಾನಾಗಿ ಹೋಗುವ ಧೈರ್ಯ ನನಗೂ ಬರಲಿಲ್ಲ. ಬಯಸಿ ಬಯಸಿ ಪಡೆದ ಕಡಲು ದಿನವೂ ಕಣ್ಣೆದುರಿಗೆ ಇರುತ್ತಿತ್ತು. ಮನಸ್ಸು ಮಾತ್ರ ಸಾಗರದ ಆ ಜಗಲಿಗೆ ಓಡುತ್ತಿತ್ತು. ಮಣೆ ಹಾಕಿಕೊಂಡು ಒಬ್ಬರು ಪಕ್ಕದಲ್ಲಿ ಕೂತಿರಬೇಕು, ನಾನು ಎಣಿಸುವುದನ್ನು ನೋಡಿ ನಗಬೇಕು ಎಂದು ಆಸೆಯಾಗುತ್ತಿತ್ತು. ಈಗಲೂ ಆಗುತ್ತದೆ.

ಆ ವಾರ ಕೇಂದ್ರಕ್ಕೆ ಹನ್ನೆರಡು ಹೂವು ಬೇಕಾಗಿತ್ತು. ಅಮ್ಮ ಹೋದ ಮರುದಿನ ಬೆಳಗ್ಗೆ ಬಕೆಟ್ಟು ಹಿಡಿದು ಅದೇ ಬಂಡೆಗಳಿಗೆ ಹೋದೆ, ಅದು ನನ್ನ ಕೆಲಸ. ಬುಡದಡಿ ಉಗುರನ್ನು ಮೆಲ್ಲಗೆ ಜಾರಿಸಿ ಒಂದೊಂದಾಗಿ ಬಿಡಿಸುತ್ತ ಬಂದೆ. ಹನ್ನೊಂದು ಆದವು. ಹನ್ನೆರಡನೆಯದು ಆ ಕುಳಿಯಲ್ಲಿತ್ತು. ಅದರ ಮುಂದೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ. ರಿಜಿಸ್ಟರಿನಲ್ಲಿ 'ಹನ್ನೊಂದು. ಆ ಬಂಡೆಯಲ್ಲಿ ಬೇರೆ ಇಲ್ಲ' ಎಂದು ಬರೆದು ಸಹಿ ಹಾಕಿದೆ. ಕೆಲಸದ ಪುಸ್ತಕದಲ್ಲಿ ನಾನು ಬರೆದ ಮೊದಲ ಸುಳ್ಳು ಅದು.